ಪೀಣ್ಯದ ಲೇತ್‌ಗೆ ಡೆಟ್ರಾಯಿಟ್‌ನ ಡ್ರಾಯಿಂಗ್

ವಿದೇಶಿ ಕಂಪನಿಯೊಂದು ಅಂತಿಮ ವರ್ಷದ ಪ್ರಾಜೆಕ್ಟ್ ಕೊಡುತ್ತದೆ ಎಂದಾಕ್ಷಣ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳು ಮೊದಲು ತಲೆಕೆಡಿಸಿಕೊಳ್ಳುವುದು ವಿಡಿಯೊ ಕರೆಯ ಸಮಯದ ಬಗ್ಗೆ. ಡೆಟ್ರಾಯಿಟ್‌ನ ಬೆಳಿಗ್ಗೆ 9 ಗಂಟೆ ಎಂದರೆ ಚಳಿಗಾಲದಲ್ಲಿ ನಮಗೆ ಸಂಜೆ 7.30, ಮಾರ್ಚ್‌ನ ಎರಡನೇ ಭಾನುವಾರ ಅವರು ಗಡಿಯಾರವನ್ನು ಮುಂದಕ್ಕೆ ತಿರುಗಿಸಿದ ಮೇಲೆ 6.30. ಗುರುತು ಹಾಕಿಕೊಂಡರೆ ಮುಗಿಯಿತು.

ಕೆಲಸ ಕೆಡುವುದು, ಎಲ್ಲರಿಗೂ ಗೊತ್ತಿರುವುದೇ ಎಂದು ಎರಡೂ ಕಡೆಯವರು ಹೇಳದೆ ಬಿಟ್ಟ ಸಂಗತಿಗಳಲ್ಲಿ. ವಸ್ತುವಿನ ಬೇರೆ ಬೇರೆ ಬದಿಯ ನೋಟಗಳನ್ನು ಡ್ರಾಯಿಂಗ್ ಹಾಳೆಯ ಮೇಲೆ ಜೋಡಿಸಲು ಎರಡು ಪದ್ಧತಿಗಳಿವೆ. ನಮ್ಮಲ್ಲಿ ಕಲಿಸುವುದು ಫಸ್ಟ್ ಆಂಗಲ್ ಪ್ರೊಜೆಕ್ಷನ್. ಅಮೆರಿಕದವರದು ಥರ್ಡ್ ಆಂಗಲ್. ಬಲಬದಿಯ ನೋಟವನ್ನು ನಾವು ಮುಂಬದಿಯ ನೋಟದ ಎಡಕ್ಕೆ ಬಿಡಿಸುತ್ತೇವೆ, ಅವರು ಬಲಕ್ಕೇ ಬಿಡಿಸುತ್ತಾರೆ. ಒಂದನ್ನು ಇನ್ನೊಂದೆಂದು ಓದಿದರೆ ಅಳತೆಗಳೆಲ್ಲ ಸರಿಯಿದ್ದೂ ಬ್ರಾಕೆಟ್‌ನ ತೂತು ಎದುರು ಬದಿಗೆ ಬೀಳುತ್ತದೆ. ಯಾವ ಪದ್ಧತಿ ಎಂಬುದನ್ನು ಟೈಟಲ್ ಬ್ಲಾಕ್‌ನಲ್ಲಿರುವ (ಹಾಳೆಯ ಮೂಲೆಯ ವಿವರಗಳ ಚೌಕಟ್ಟು) ಮೊಟಕು ಶಂಕುವಿನ, ಎಂದರೆ ತುದಿ ಕತ್ತರಿಸಿದ ಶಂಕುವಿನ, ಚಿಹ್ನೆ ಹೇಳುತ್ತದೆ. ವಿದ್ಯಾರ್ಥಿಗಳಿಗೆ ಅದು ಕಣ್ಣಿಗೇ ಬೀಳುವುದಿಲ್ಲ. ಪೀಣ್ಯದ ಜಾಬ್ ವರ್ಕ್ ಶೆಡ್ಡಿನ ಅನುಭವಿ ಟರ್ನರ್ (ಲೇತ್ ಕೆಲಸಗಾರ) ಹಾಳೆ ತೆರೆದೊಡನೆ ಹುಡುಕುವುದು ಅದನ್ನೇ.

ಮೋಟರಿನ ಕಥೆಯೂ ಅಷ್ಟೇ. ನಾಲ್ಕು ಪೋಲ್‌ಗಳ (ಕಾಂತಧ್ರುವಗಳ) ಇಂಡಕ್ಷನ್ ಮೋಟರಿನ ಸಿಂಕ್ರೊನಸ್ ವೇಗ, ಎಂದರೆ ಅದರೊಳಗಿನ ಕಾಂತಕ್ಷೇತ್ರ ತಿರುಗುವ ವೇಗ, ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಿಮಿಷಕ್ಕೆ 1,500 ಸುತ್ತು, ಅವರ 60 ಹರ್ಟ್ಸ್‌ನಲ್ಲಿ 1,800. ಇಲ್ಲಿ ಹದವಾಗಿ ಓಡಿದ ಕನ್ವೇಯರ್‌ನ ಗೇರ್‌ಬಾಕ್ಸ್‌ಗೆ ಅಲ್ಲಿ ಅವರದೇ ಮೋಟರ್ ಜೋಡಿಸಿದರೆ ಬೆಲ್ಟ್ ಶೇ 20ರಷ್ಟು ವೇಗವಾಗಿ ಓಡುತ್ತದೆ. ಬಾಟಲಿಗಳು ಉರುಳಿದ ಮೇಲೆ ಲೆಕ್ಕ ತೆಗೆದು ಪ್ರಯೋಜನವಿಲ್ಲ.

ಹಾಗಾಗಿ ಮೊದಲ ತಿಂಗಳು ಕ್ಯಾಡ್ (ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಬಿಡಿಸುವ ತಂತ್ರಾಂಶ) ತೆರೆಯಲೇಬೇಡಿ ಎನ್ನುತ್ತೇನೆ. ಅವರು ಕೇಳಿದ್ದನ್ನು ಅಳೆಯಬಹುದಾದ ಮಾತಿಗೆ ಇಳಿಸಿ. ‘ಕ್ಲ್ಯಾಂಪ್ ಬೇಗ ಬಿಚ್ಚುವಂತಿರಬೇಕು’ ಎಂದಿದ್ದಾರೆಯೇ? ಎಷ್ಟು ಸೆಕೆಂಡಿನಲ್ಲಿ? ಕೈಗವಸು ಹಾಕಿಕೊಂಡೋ, ಬರಿಗೈಯಲ್ಲೋ? ನಮ್ಮ ಮಕ್ಕಳು ಕರೆಯಲ್ಲಿ ಎಲ್ಲದಕ್ಕೂ ‘ಸರಿ ಸರ್’ ಎಂದು, ಕರೆ ಮುಗಿದ ಮೇಲೆ ‘ಅವರು ಹೇಳಿದ್ದೇನು?’ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ಮಾರ್ಗದರ್ಶಕರ ಎದುರು ಪ್ರಶ್ನೆ ಕೇಳುವುದನ್ನು ಉದ್ಧಟತನವೆಂದು ನಾವೇ ಕಲಿಸಿದ್ದರ ಫಲ ಇದು.

ಬರೆದು ಕೇಳುವುದಕ್ಕೂ ಒಂದು ಕ್ರಮವಿದೆ. ‘ಕ್ಲ್ಯಾಂಪ್ ಎಷ್ಟು ಬಲ ತಡೆಯಬೇಕು?’ ಎಂಬ ಇಮೇಲ್‌ಗೆ ವಾರವಾದರೂ ಉತ್ತರ ಬರುವುದಿಲ್ಲ. ‘2,000 ನ್ಯೂಟನ್ ಎಂದು ಹಿಡಿದಿದ್ದೇವೆ, ಲೆಕ್ಕ ಲಗತ್ತಿಸಿದ್ದೇವೆ. ಶುಕ್ರವಾರದೊಳಗೆ ತಿದ್ದದಿದ್ದರೆ ಇದರಂತೆಯೇ ಮುಂದುವರಿಯುತ್ತೇವೆ’ ಎಂದು ಬರೆದು ನೋಡಿ. ತಪ್ಪಿದ್ದರೆ ಅಲ್ಲಿನ ಎಂಜಿನಿಯರ್‌ಗೆ ಸುಮ್ಮನಿರಲು ಆಗುವುದಿಲ್ಲ. ಆದರೆ ಯಾರದಾದರೂ ಕೈಬೆರಳಿಗೆ ಅಪಾಯ ತರಬಹುದಾದ ಅಂಕಿಗೆ ಈ ಉಪಾಯ ಸಲ್ಲದು. ಅಲ್ಲಿ ಲಿಖಿತ ಒಪ್ಪಿಗೆಯೇ ಬೇಕು, ಎಷ್ಟು ದಿನ ಕಾದರೂ ಸರಿ.

ಕೊನೆಗೆ, ಗೌಪ್ಯತೆಯ ಒಪ್ಪಂದ. ಕಂಪನಿ ಕಳುಹಿಸಿದ ಹಾಳೆಗೆ ಕಣ್ಣುಮುಚ್ಚಿ ಸಹಿ ಹಾಕಿದರೆ, ವೈವಾ (ಮೌಖಿಕ ಪರೀಕ್ಷೆ) ದಿನ ಹೊರಗಿನ ಪರೀಕ್ಷಕರಿಗೆ ಮಾದರಿಯನ್ನು ತೋರಿಸಲೂ ಆಗದೆ ವಿದ್ಯಾರ್ಥಿಗಳು ಬೆಪ್ಪಾಗಿ ನಿಲ್ಲಬೇಕಾಗುತ್ತದೆ. ಅಳತೆಗಳನ್ನು ಅಳಿಸಿದ ಡ್ರಾಯಿಂಗ್‌ಗಳನ್ನು ವರದಿಯಲ್ಲಿ ಸೇರಿಸಬಹುದು, ಪರೀಕ್ಷಕರು ಮೂಲವನ್ನು ನೋಡಬಹುದು ಎಂಬ ಎರಡು ಸಾಲುಗಳನ್ನು ಸಹಿಗೆ ಮೊದಲೇ ಸೇರಿಸಿಕೊಳ್ಳಿ.