ಪದ ಪರಿಚಯ: ರಾಷ್ಟ್ರೀಯ ಹಬ್ಬ

‘ರಾಷ್ಟ್ರೀಯ ಹಬ್ಬಗಳ ಆಚರಣಾ ಸಮಿತಿ’ ಅನ್ನೋ ಹೆಸರನ್ನು ತಾಲ್ಲೂಕು ಆಡಳಿತದ ಆಮಂತ್ರಣ ಪತ್ರಿಕೆಯಲ್ಲಿ ನೋಡಿರುತ್ತೀರಿ. ತೀರ್ಥಹಳ್ಳಿ, ಹೊಸನಗರದಂಥ ಊರುಗಳಲ್ಲಿ ಇದಕ್ಕೆ ತಹಶೀಲ್ದಾರರೇ ಅಧ್ಯಕ್ಷರು. ಈ ಹಬ್ಬಕ್ಕೆ ದೇವರಿಲ್ಲ, ಪೂಜಾರಿಯಿಲ್ಲ, ಪಂಚಾಂಗ ನೋಡುವ ಕೆಲಸವೂ ಇಲ್ಲ. ಸರ್ಕಾರ ಗೊತ್ತು ಮಾಡಿದ ದಿನ ಎಲ್ಲರೂ ಒಂದೆಡೆ ಸೇರಿ ‘ನಾವು ಈ ದೇಶದವರು’ ಎಂದು ಹೇಳಿಕೊಳ್ಳುವುದೇ ರಾಷ್ಟ್ರೀಯ ಹಬ್ಬ. ಜನವರಿ 26, ಆಗಸ್ಟ್ 15, ಅಕ್ಟೋಬರ್ 2 ಇಡೀ ದೇಶದವು. ನವೆಂಬರ್ 1ರ ರಾಜ್ಯೋತ್ಸವ ನಮ್ಮದು.

ಮಲೆನಾಡಲ್ಲಿ ಆಗಸ್ಟ್ 15 ಅಂದ್ರೆ ಮಳೆ. ಒದ್ದೆಯಾದ ಹಗ್ಗದ ಗಂಟು ಬಿಚ್ಚುವುದಿಲ್ಲ. ಪಿ.ಟಿ. ಮೇಷ್ಟ್ರು ಜಗ್ಗಿ ಜಗ್ಗಿ ಎಳೆದ ಮೇಲೆ ಬಾವುಟ ಬಿಚ್ಚಿಕೊಳ್ಳುತ್ತದೆ, ಒಳಗಿಟ್ಟ ಹೂವಿನ ಎಸಳು ಅರ್ಧ ಬಟ್ಟೆಗೇ ಅಂಟಿಕೊಂಡಿರುತ್ತವೆ. ಮಕ್ಕಳು ಕೊಡೆ ಹಿಡಿದೇ ಜನಗಣಮನ ಹಾಡುತ್ತಾರೆ. ದೇಶ ಅನ್ನೋದು ಬಹಳ ಮಕ್ಕಳಿಗೆ ಮೊದಲು ಗೊತ್ತಾಗುವುದು ಹೀಗೆಯೇ, ಪಾಠ ಓದಿ ಅಲ್ಲ.

ಹಬ್ಬದಲ್ಲಿ ನಡುವೆ ಯಾರು ನಿಲ್ಲುತ್ತಾರೆ ಅನ್ನೋದು ಸಣ್ಣ ವಿಷಯವಲ್ಲ. ವಿಜಯನಗರದ ಮಹಾನವಮಿಯಲ್ಲಿ ಅರಸನ ಮುಂದೆ ಸಾಮಂತರು ಕಾಣಿಕೆ ಒಪ್ಪಿಸುತ್ತಿದ್ದರು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆ ಶುರು ಮಾಡಿದಾಗಲೂ ನಡುವೆ ಇದ್ದದ್ದು ಅರಸನೇ. ಈಗ ಅದು ನಾಡಹಬ್ಬ. ಶಿವಮೊಗ್ಗದ ದಸರೆಯಲ್ಲಿ ಬನ್ನಿ ಕಡಿಯುವವರು ತಹಶೀಲ್ದಾರರು! ಅರಸನ ಕತ್ತಿ ಕಂದಾಯ ಇಲಾಖೆಯ ಕೈಗೆ ಬಂದಿದೆ. ನನಗಂತೂ ಪ್ರಜಾಪ್ರಭುತ್ವಕ್ಕೆ ಇದಕ್ಕಿಂತ ಒಳ್ಳೆ ಚಿತ್ರ ಸಿಕ್ಕಿಲ್ಲ.

ದಿನಾಂಕವೂ ಸುಮ್ನೆ ಬರುವುದಿಲ್ಲ. ಸಂವಿಧಾನವನ್ನು ಒಪ್ಪಿಕೊಂಡದ್ದು 1949ರ ನವೆಂಬರ್ 26ಕ್ಕೆ. ಪೂರ್ತಿಯಾಗಿ ಜಾರಿಗೆ ಬಂದದ್ದು ಎರಡು ತಿಂಗಳ ನಂತರ. 1930ರ ಜನವರಿ 26ರಂದು ಪೂರ್ಣ ಸ್ವರಾಜ್ಯ ದಿನ ಆಚರಿಸಿದ್ದರಲ್ಲ, ಆ ನೆನಪು ಉಳಿಯಲಿ ಅಂತ ಆ ದಿನವನ್ನೇ ಆರಿಸಿದರು. ಫ್ರಾನ್ಸಿನವರು ಬಾಸ್ಟೀಲ್ ಕೋಟೆ ಬಿದ್ದ ಜುಲೈ 14ನ್ನು ರಾಷ್ಟ್ರೀಯ ಹಬ್ಬ ಮಾಡಿಕೊಂಡದ್ದು 1880ರಲ್ಲಿ, ಘಟನೆ ನಡೆದು 91 ವರ್ಷದ ಮೇಲೆ. ಅರಸೊತ್ತಿಗೆಯೇ ಬೇಕು ಅನ್ನುವವರಿಗೆ ಅದು ಹಿಡಿಸಲಿಲ್ಲ.

ಒಂದು ದಿನ ಆರಿಸಿದರೆ ಇನ್ನೊಂದು ದಿನ ಹಿಂದೆ ಸರಿಯುತ್ತದೆ, ಅಲ್ವಾ? ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲೇ ತನ್ನನ್ನು ಸ್ವತಂತ್ರ ಎಂದು ಸಾರಿಕೊಂಡು ವೀರಭದ್ರೇಶ್ವರ ಗುಡಿಯ ಮೇಲೆ ಬಾವುಟ ಏರಿಸಿತ್ತು. ಮರುವರ್ಷ ಆ ಊರಿನ ಐವರನ್ನು ಗಲ್ಲಿಗೇರಿಸಿದರು. ಇನ್ನು 1947ರ ಆಗಸ್ಟ್ 15ರಂದು ಶಿವಮೊಗ್ಗ ಇದ್ದದ್ದು ಮಹಾರಾಜರ ಮೈಸೂರು ಸಂಸ್ಥಾನದಲ್ಲಿ. ಬ್ರಿಟಿಷರು ಹೋದರೂ ಜನರ ಸರ್ಕಾರ ಬಂದಿರಲಿಲ್ಲ. ‘ಮೈಸೂರು ಚಲೋ’ ಚಳವಳಿ ನಡೆದು, ಅಕ್ಟೋಬರ್ ಕೊನೆಗೆ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಆ ದಿನಕ್ಕೆ ಇವತ್ತು ರಜೆಯೂ ಇಲ್ಲ, ಸಮಿತಿಯ ಆಮಂತ್ರಣವೂ ಇಲ್ಲ.