ಕಡಿಮೆಯಾದ ಎನ್‌ಪಿಎ ಎಲ್ಲಿಗೆ ಹೋಯಿತು?

ಭಾರತದ ವಾಣಿಜ್ಯ ಬ್ಯಾಂಕುಗಳು ಕೊಟ್ಟ ಒಟ್ಟು ಸಾಲದಲ್ಲಿ ವಸೂಲಿ ನಿಂತುಹೋದ ಪಾಲು, ಅಂದರೆ ಒಟ್ಟು ಎನ್‌ಪಿಎ, 2018ರ ಮಾರ್ಚಿನಲ್ಲಿ ಶೇ 11ನ್ನು ದಾಟಿತ್ತು. 2025ರ ಮಾರ್ಚಿನ ಹೊತ್ತಿಗೆ ಅದು ಶೇ 2.3ಕ್ಕೆ ಇಳಿದಿದೆ. ಬ್ಯಾಂಕಿಂಗ್ ವಲಯದ ಆರೋಗ್ಯದ ಬಗ್ಗೆ ಯಾರಾದರೂ ಕೇಳಿದರೆ ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ಮಾತು ಮುಗಿಸುವುದು ಈಗ ರೂಢಿಯಾಗಿದೆ. ಇಳಿಕೆ ನಿಜ. ಆದರೆ ಅದು ಯಾವ ದಾರಿಯಲ್ಲಿ ಇಳಿಯಿತು ಎಂದು ಕೇಳದೆ ಬ್ಯಾಂಕಿನ ಗುಣಮಟ್ಟವನ್ನು ಅಳೆಯಲಾಗದು ಎಂಬುದು ಎರಡು ದಶಕಗಳಿಂದ ಶಾಖೆಗಳ ಲೆಕ್ಕಪರಿಶೋಧನೆ ಮಾಡುತ್ತ ನಾನು ಕಲಿತ ಪಾಠ.

ಕರಾವಳಿಯ ಒಂದು ಶಾಖೆಗೆ ಏಪ್ರಿಲ್ ಮೊದಲ ವಾರದಲ್ಲಿ ಹೋಗಿದ್ದೆ. ಗೇರುಬೀಜ ಸಂಸ್ಕರಣೆ ಮಾಡುವ ಒಬ್ಬರ ಕ್ಯಾಶ್ ಕ್ರೆಡಿಟ್ ಖಾತೆಯಲ್ಲಿ, ಅಂದರೆ ದಾಸ್ತಾನಿನ ಆಧಾರದ ಮೇಲೆ ಬೇಕಾದಾಗ ಹಣ ತೆಗೆದು ಕಟ್ಟುವ ಸಾಲದ ಖಾತೆಯಲ್ಲಿ, ಡಿಸೆಂಬರಿನಿಂದ ಹಣದ ಓಡಾಟವೇ ಇರಲಿಲ್ಲ. 90 ದಿನ ಹಣ ಜಮೆಯಾಗದಿದ್ದರೆ, ಅಥವಾ ಜಮೆಯಾದದ್ದು ಬಡ್ಡಿಗೂ ಸಾಲದಿದ್ದರೆ, ಅಂಥ ಖಾತೆಯನ್ನು ಎನ್‌ಪಿಎ ಎಂದು ಗುರುತಿಸಬೇಕು. ಗಡುವು ತುಂಬುವ ಮುನ್ನ, ಮಾರ್ಚ್ 30ರಂದು, 18 ಲಕ್ಷ ರೂಪಾಯಿ ಜಮೆಯಾಗಿತ್ತು. ಆ ಹಣ ಬಂದದ್ದು ಅದೇ ಶಾಖೆಯಲ್ಲಿ ಅದೇ ವಾರ ಹೊಸ ಸಾಲ ಮಂಜೂರಾಗಿದ್ದ ಅವರ ಭಾವಮೈದುನನ ಸಂಸ್ಥೆಯಿಂದ; ಏಪ್ರಿಲ್ 3ರಂದು ಬಹುಪಾಲು ಅಲ್ಲಿಗೇ ಮರಳಿತ್ತು. ಗೋದಾಮಿಗೆ ಹೋದೆವು. ಅವರು ಬ್ಯಾಂಕಿಗೆ ಕೊಟ್ಟ ದಾಸ್ತಾನು ಪಟ್ಟಿಯಲ್ಲಿ (ಸ್ಟಾಕ್ ಸ್ಟೇಟ್‌ಮೆಂಟ್) ಬರೆದಷ್ಟು ಮೂಟೆಗಳೇನೋ ಇದ್ದವು. ಮುಂದಿನ ಎರಡು ಸಾಲಿನವು ಗೇರುಬೀಜದವು. ಹಿಂದಿನ ಒಂದು ಮೂಟೆಯ ಬಾಯಿ ಬಿಚ್ಚಿಸಿದರೆ ಒಳಗಿದ್ದುದು ಬರೀ ಸಿಪ್ಪೆ. ವ್ಯವಸ್ಥಾಪಕರು ಕೆಟ್ಟವರಲ್ಲ, ವರ್ಗಾವಣೆಯ ಹೊಸ್ತಿಲಲ್ಲಿದ್ದವರು. “ಈ ಸಲ ಬಿಟ್ಟುಬಿಡಿ ಸರ್, ಜೂನ್ ಒಳಗೆ ಪಾರ್ಟಿ ಕಟ್ತಾರೆ” ಎಂದರು. ನಾನು ಎಂಒಸಿ, ಅಂದರೆ ಶಾಖೆಯ ಲೆಕ್ಕವನ್ನು ಲೆಕ್ಕಪರಿಶೋಧಕರು ತಿದ್ದುವ ಟಿಪ್ಪಣಿ, ಹಾಕಿ ಖಾತೆಯನ್ನು ಎನ್‌ಪಿಎಗೆ ಸೇರಿಸಿದೆ.

ಹೊಸ ಸಾಲ ಕೊಟ್ಟು ಹಳೆಯದನ್ನು ಜೀವಂತವಾಗಿ ತೋರಿಸುವ ಈ ಕೆಲಸ ಆ ಶಾಖೆಯಲ್ಲಿ ಲಕ್ಷಗಳಲ್ಲಿ ನಡೆದಿದ್ದರೆ, ಉಕ್ಕು, ವಿದ್ಯುತ್ ಮತ್ತು ರಸ್ತೆ ಯೋಜನೆಗಳ ಸಾಲಗಳಲ್ಲಿ ಸಾವಿರಾರು ಕೋಟಿಗಳಲ್ಲಿ ನಡೆದಿತ್ತು. ರಘುರಾಮ್ ರಾಜನ್ ಗವರ್ನರ್ ಆಗಿದ್ದ 2015ರಲ್ಲಿ ರಿಸರ್ವ್ ಬ್ಯಾಂಕ್ ಸಾಲಗಳ ಗುಣಮಟ್ಟದ ವಿಶೇಷ ಪರಿಶೀಲನೆಗೆ ಇಳಿಯಿತು. ಅದರ ಪರಿಣಾಮವಾಗಿ, 2015ರ ಮಾರ್ಚಿನಲ್ಲಿ ಶೇ 4ರ ಆಸುಪಾಸಿನಲ್ಲಿದ್ದ ಎನ್‌ಪಿಎ ಮರುವರ್ಷ ಶೇ 7ನ್ನು ದಾಟಿತು. ಅಷ್ಟೂ ಸಾಲ ಆ ಹನ್ನೆರಡು ತಿಂಗಳಲ್ಲೇ ಕೆಟ್ಟಿತೆಂದು ಯಾರೂ ಭಾವಿಸಬೇಕಿಲ್ಲ. ಕೆಟ್ಟು ವರ್ಷಗಳಾಗಿದ್ದ ಸಾಲಕ್ಕೆ ಆ ವರ್ಷ ಹೆಸರಿಡಲಾಯಿತು. ನನ್ನ ಲೆಕ್ಕದಲ್ಲಿ ಶೇ 4 ತೋರಿಸುತ್ತಿದ್ದ ವಲಯಕ್ಕಿಂತ ಶೇ 11 ಒಪ್ಪಿಕೊಂಡ ವಲಯವೇ ಹೆಚ್ಚು ಆರೋಗ್ಯದಿಂದಿತ್ತು.

ಇನ್ನು ಇಳಿಕೆಯ ಗಣಿತ. ಒಂದು ಬ್ಯಾಂಕು 100 ಕೋಟಿ ಸಾಲ ಕೊಟ್ಟಿದೆ, ಅದರಲ್ಲಿ 11 ಕೋಟಿ ಕೆಟ್ಟಿದೆ ಎಂದಿಟ್ಟುಕೊಳ್ಳಿ. 5 ಕೋಟಿಯನ್ನು ರೈಟ್ ಆಫ್ ಮಾಡಿ, ಅಂದರೆ ಲೆಕ್ಕದ ಪುಸ್ತಕದಿಂದ ತೆಗೆದುಹಾಕಿ, 60 ಕೋಟಿ ಹೊಸ ಸಾಲ ಕೊಟ್ಟರೆ, ಒಟ್ಟು ಸಾಲ 155 ಕೋಟಿಯಾಗಿ, ಕೆಟ್ಟದ್ದು 6 ಕೋಟಿಯಾಗಿ ಉಳಿಯುತ್ತದೆ. ಒಂದು ರೂಪಾಯಿಯೂ ವಸೂಲಾಗದೆ ಅನುಪಾತ ಶೇ 4ಕ್ಕಿಂತ ಕೆಳಗಿಳಿಯಿತು. ಇದು ಬರೀ ಉದಾಹರಣೆಗೆ ಕಟ್ಟಿದ ಲೆಕ್ಕವಲ್ಲವೆಂಬುದಕ್ಕೆ ಕೇಂದ್ರ ಸರ್ಕಾರ 2023ರಲ್ಲಿ ಸಂಸತ್ತಿಗೆ ಕೊಟ್ಟ ಉತ್ತರವೇ ಸಾಕ್ಷಿ: 2014-15ರಿಂದ ಒಂಬತ್ತು ಹಣಕಾಸು ವರ್ಷಗಳಲ್ಲಿ ವಾಣಿಜ್ಯ ಬ್ಯಾಂಕುಗಳು ರೈಟ್ ಆಫ್ ಮಾಡಿದ್ದು 14.56 ಲಕ್ಷ ಕೋಟಿ ರೂಪಾಯಿ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ರೈಟ್ ಆಫ್ ಎಂದರೆ ಸಾಲಮನ್ನಾ ಅಲ್ಲ. ಸಾಲಗಾರನ ಮೇಲಿನ ಹಕ್ಕು, ಅಡಮಾನ, ಕೋರ್ಟಿನ ದಾವೆ ಎಲ್ಲವೂ ಹಾಗೆಯೇ ಇರುತ್ತವೆ. ಪೂರ್ತಿ ಪ್ರಾವಿಷನ್ (ನಷ್ಟ ತುಂಬಲು ಲಾಭದಿಂದ ಎತ್ತಿಡುವ ಹಣ) ಇಟ್ಟಾದ ಸಾಲವನ್ನು ಆಸ್ತಿಪಟ್ಟಿಯಿಂದ ತೆಗೆದುಹಾಕುವುದು ಲೆಕ್ಕದ ಶಿಸ್ತಿಗೆ ಸರಿಯಾದ ಕ್ರಮವೇ. ಆದರೆ ಆ ಪ್ರಾವಿಷನ್ನಿನ ಹಣ ಆಕಾಶದಿಂದ ಬಂದದ್ದಲ್ಲ. ಬ್ಯಾಂಕುಗಳ ಲಾಭವನ್ನು ಅದು ವರ್ಷಗಟ್ಟಲೆ ನುಂಗಿತು. ಸಾಲದ್ದಕ್ಕೆ 2017ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಸಾರ್ವಜನಿಕ ವಲಯದ ಬ್ಯಾಂಕುಗಳಿಗಾಗಿ 2.11 ಲಕ್ಷ ಕೋಟಿ ರೂಪಾಯಿಯ ಬಂಡವಾಳ ಮರುಪೂರಣ ಯೋಜನೆಯನ್ನೇ ಘೋಷಿಸಬೇಕಾಯಿತು. ಇಳಿದ ಅನುಪಾತದ ಬೆಲೆಯಲ್ಲಿ ತೆರಿಗೆದಾರನ ಪಾಲೂ ಇದೆ.

ಹಾಗೆಂದು ಇಡೀ ಇಳಿಕೆಯನ್ನು ಲೆಕ್ಕದ ಕೈಚಳಕ ಎಂದುಬಿಡುವುದೂ ಅನ್ಯಾಯ. 2016ರ ದಿವಾಳಿ ಸಂಹಿತೆಯಿಂದಾಗಿ, ಸಾಲ ತೀರಿಸದಿದ್ದರೆ ಕಂಪನಿಯೇ ಕೈತಪ್ಪಿಹೋದೀತು ಎಂಬ ಭಯ ದೊಡ್ಡ ಉದ್ಯಮಿಗಳಿಗೆ ಮೊದಲ ಬಾರಿಗೆ ಹುಟ್ಟಿತು. ಕಂಪನಿಗಳು ಸಾಲದ ಹೊರೆ ಇಳಿಸಿಕೊಂಡವು. ಇದನ್ನು ತಿಳಿಯಲು ನಾನು ಎನ್‌ಪಿಎ ಅನುಪಾತದ ಬದಲು ಸ್ಲಿಪೇಜ್ ನೋಡುತ್ತೇನೆ, ಅಂದರೆ ವರ್ಷದಲ್ಲಿ ಹೊಸದಾಗಿ ಕೆಟ್ಟ ಸಾಲ ಎಷ್ಟು ಎಂಬುದನ್ನು. ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ ಎನ್‌ಪಿಎ ಚಲನೆಯ ಕೋಷ್ಟಕವೊಂದಿರುತ್ತದೆ: ಆರಂಭದ ಮೊತ್ತ, ಹೊಸ ಸೇರ್ಪಡೆ, ವಸೂಲಿ, ಮೇಲ್ದರ್ಜೆಗೇರಿದ್ದು (ಬಾಕಿ ಕಟ್ಟಿ ಮತ್ತೆ ಒಳ್ಳೆಯ ಸಾಲವಾದದ್ದು), ರೈಟ್ ಆಫ್. ಅಧ್ಯಕ್ಷರ ಭಾಷಣದ ಹತ್ತು ಪುಟಗಳಿಗಿಂತ ಈ ಒಂದು ಕೋಷ್ಟಕ ಹೆಚ್ಚು ಮಾತಾಡುತ್ತದೆ.

ಅದರ ಜೊತೆಗೇ ಎನ್‌ಪಿಎ ಬಗ್ಗೆ ಬ್ಯಾಂಕಿನ ಲೆಕ್ಕಕ್ಕೂ ಅದನ್ನು ಪರಿಶೀಲಿಸಿದ ರಿಸರ್ವ್ ಬ್ಯಾಂಕಿನ ಲೆಕ್ಕಕ್ಕೂ ಇರುವ ಅಂತರವನ್ನು ಹುಡುಕಬೇಕು. ಅದು ಒಂದು ಮಿತಿ ಮೀರಿದರೆ ಬಹಿರಂಗಪಡಿಸುವುದು 2017ರಿಂದ ಕಡ್ಡಾಯ. ಯೆಸ್ ಬ್ಯಾಂಕ್ 2016ರ ಮಾರ್ಚಿಗೆ ತನ್ನ ಒಟ್ಟು ಎನ್‌ಪಿಎ 749 ಕೋಟಿ ರೂಪಾಯಿ ಎಂದು ತೋರಿಸಿತ್ತು. ರಿಸರ್ವ್ ಬ್ಯಾಂಕಿನ ಎಣಿಕೆಯಲ್ಲಿ ಅದು 4,900 ಕೋಟಿಯನ್ನು ದಾಟಿತು. ಈ ಅಂತರ ಬಯಲಾದಾಗಲೇ ಗಮನಿಸಿದವರಿಗೆ, 2020ರ ಮಾರ್ಚ್ 5ರಂದು ಠೇವಣಿದಾರರು 50,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂಬ ಆದೇಶ ಬಂದಾಗ ತೀರಾ ಆಶ್ಚರ್ಯವಾಗಿರಲಾರದು.

ಬಂಡವಾಳದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಪಾಯಕ್ಕೆ ತಕ್ಕಂತೆ ತೂಗಿದ ಸಾಲ-ಹೂಡಿಕೆಗಳ ಎದುರು ಅದು ಕನಿಷ್ಠ ಶೇ 11.5 ಇರಬೇಕಾದಲ್ಲಿ ವಲಯದ ಸರಾಸರಿ ಶೇ 17ರ ಮೇಲಿದೆ, ಅದು ಸಾಕು. ನನ್ನ ಕಣ್ಣು ಈಗ ಇರುವುದು ಠೇವಣಿಯ ಮೇಲೆ. 1928ರಲ್ಲಿ ಉಡುಪಿಯಿಂದ ಶುರುವಾದ ಪಿಗ್ಮಿ ಠೇವಣಿಯಲ್ಲಿ ಏಜೆಂಟರು ಮನೆಮನೆಗೆ, ಅಂಗಡಿಯಂಗಡಿಗೆ ಹೋಗಿ ಎರಡೆರಡು ಆಣೆ ಕೂಡಿಸುತ್ತಿದ್ದರು. ಹಾಗೆ ಬಂದ ಹಣ ಒಂದೇ ದಿನದಲ್ಲಿ ಎದ್ದು ಹೋಗುವಂಥದ್ದಲ್ಲ. ಈಗ ಅದೇ ಮನೆಗಳ ಮಕ್ಕಳ ಉಳಿತಾಯ ಮ್ಯೂಚುವಲ್ ಫಂಡಿನ ಎಸ್‌ಐಪಿಗೆ ಹೋಗುತ್ತಿದೆ. ಬ್ಯಾಂಕುಗಳು ಸಗಟು ಠೇವಣಿಗೆ (ದೊಡ್ಡ ಮೊತ್ತದ ಠೇವಣಿ) ದುಬಾರಿ ಬಡ್ಡಿ ತೆತ್ತು ಸಾಲ ಕೊಡುತ್ತಿವೆ. ಅಡಮಾನವಿಲ್ಲದ ವೈಯಕ್ತಿಕ ಸಾಲ ಮತ್ತು ಕ್ರೆಡಿಟ್ ಕಾರ್ಡ್ ಬಾಕಿ ವೇಗವಾಗಿ ಬೆಳೆದದ್ದನ್ನು ಕಂಡು ರಿಸರ್ವ್ ಬ್ಯಾಂಕ್ 2023ರ ನವೆಂಬರಿನಲ್ಲಿ ಅವುಗಳ ಅಪಾಯ ತೂಕವನ್ನು ಹೆಚ್ಚಿಸಿತು, ಅಂದರೆ ಅಂಥ ಸಾಲಕ್ಕೆ ಬ್ಯಾಂಕು ಹೆಚ್ಚು ಬಂಡವಾಳ ಎತ್ತಿಡಬೇಕಾಯಿತು. ಹೊಸ ಸಾಲ ಕೊಟ್ಟ ವರ್ಷವೇ ಕೆಡುವುದು ಅಪರೂಪ. ಹಾಗಾಗಿ ಸಾಲ ಬೆಳೆಯುತ್ತಿರುವಷ್ಟು ಕಾಲ ಅನುಪಾತ ಚೆನ್ನಾಗಿಯೇ ಕಾಣುತ್ತದೆ.

ಆ ಗೇರುಬೀಜದ ಖಾತೆಯ ವಿಷಯಕ್ಕೆ ಬಂದರೆ, ಕೆಲವು ವರ್ಷಗಳ ನಂತರ ಅದೇ ಊರಿಗೆ ಇನ್ನೊಂದು ಕೆಲಸದ ಮೇಲೆ ಹೋಗಿದ್ದಾಗ ಹೊಸ ವ್ಯವಸ್ಥಾಪಕರನ್ನು ವಿಚಾರಿಸಿದೆ. “ಅದೀಗ ಎನ್‌ಪಿಎ ಪಟ್ಟಿಯಲ್ಲಿಲ್ಲ ಸರ್” ಎಂದರು. ಕಟ್ಟಿದರೇ ಎಂದು ಕೇಳಿದೆ. “ಇಲ್ಲ, ಹೆಡ್ ಆಫೀಸಿನಲ್ಲಿ ರೈಟ್ ಆಫ್ ಆಯಿತು.” ಗೋದಾಮಿನ ಬಾಗಿಲಿಗೆ ಬ್ಯಾಂಕಿನ ಸ್ವಾಧೀನ ನೋಟಿಸು ಅಂಟಿಸಿತ್ತು, ಹರಾಜಿಗೆ ಎರಡು ಸಲ ಕರೆದರೂ ಯಾರೂ ಬಂದಿರಲಿಲ್ಲವಂತೆ.