ಈ 3ಎಸ್-ಜಿಟಿಇ ಯಾವ ಜೆನ್ ಎಂಜಿನ್?

ಪ್ರಶ್ನೆ: ಟೊಯೋಟಾದ ಹಳೆಯ 3ಎಸ್-ಜಿಟಿಇ ಟರ್ಬೊ ಎಂಜಿನ್ ಒಂದು ಮಾರಾಟಕ್ಕಿದೆ. ಕಾರಿನಿಂದ ಬಿಚ್ಚಿಟ್ಟಿದ್ದಾರೆ. ‘ಮೂರನೇ ಜೆನ್’ (ಜನರೇಷನ್, ಅಂದರೆ ಮೂರನೇ ತಲೆಮಾರು) ಅನ್ನುತ್ತಾರೆ. ನೋಡಿಯೇ ಗುರುತಿಸೋದು ಹೇಗೆ?

ಉತ್ತರ: ಮೊದಲನೇ ಮಾತು, ಟರ್ಬೊ ನೋಡಿ ನಂಬಬೇಡಿ. ಎರಡನೇ ಜೆನ್‌ನ ಸಿಟಿ26 ಟರ್ಬೊ ಬಿಚ್ಚಿ ಮೂರನೇ ಜೆನ್‌ನ ಸಿಟಿ20ಬಿ ಕೂರಿಸೋದು ಈ ಎಂಜಿನ್ ಇಷ್ಟಪಡುವವರು ವರ್ಷಗಳಿಂದ ಮಾಡುತ್ತಾ ಬಂದಿರುವ ಕೆಲಸ. ಬ್ಲಾಕ್ ಮೇಲಿನ ಅಚ್ಚೂ ಸಹಾಯ ಮಾಡುವುದಿಲ್ಲ, ಯಾವ ಜೆನ್ ಆದರೂ ಅಲ್ಲಿರೋದು 3ಎಸ್ ಅಂತಲೇ. ಟರ್ಬೊದಿಂದ ಬರುವ ಬಿಸಿ ಗಾಳಿ ತಂಪು ಮಾಡುವ ಇಂಟರ್‌ಕೂಲರ್ ಅಂತೂ ಕಾರಿಗೆ ತಕ್ಕಂತೆ ಬದಲಾಗುತ್ತದೆ. ಮೂರನೇ ಜೆನ್ ಎಂಜಿನ್‌ಗೇ ಟೊಯೋಟಾ ಸೆಲಿಕಾ ಜಿಟಿ-ಫೋರ್‌ನಲ್ಲಿ ನೀರಿನಿಂದ ತಂಪಾಗುವ ಇಂಟರ್‌ಕೂಲರ್ ಇತ್ತು, ಎಂಆರ್2 ಕಾರಿನಲ್ಲಿ ಗಾಳಿಯಿಂದ ತಂಪಾಗುವುದು. ಸುಲಭವಾಗಿ ಬದಲಾಯಿಸಲಾಗದ ಜಾಗ ನೋಡಬೇಕು.

ಸಿಲಿಂಡರ್ ಹೆಡ್‌ನಿಂದ ಶುರು ಮಾಡಿ. ಟೈಮಿಂಗ್ ಬೆಲ್ಟ್ ಇರುವ ತುದಿ ಬಿಟ್ಟು ಇನ್ನೊಂದು ತುದಿಗೆ ಬನ್ನಿ. ಅಲ್ಲಿ ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ, ದಪ್ಪ ವೈರುಗಳು ಹೊರಡುವ ಡಿಸ್ಟ್ರಿಬ್ಯೂಟರ್ ಇದ್ದರೆ ಅದು ಮೊದಲ ಮೂರು ಜೆನ್‌ಗಳಲ್ಲಿ ಒಂದು. ಅದಿಲ್ಲದೆ ಪ್ಲಗ್‌ಗಳ ಮೇಲೇ ಕಾಯಿಲ್ ಕೂತಿದ್ದರೆ ಅದು ನಾಲ್ಕು ಅಥವಾ ಐದನೆಯದು, ಅಂದರೆ ಕಾಲ್ಡಿನಾ ಕಾರಿನದು. ನಾಲ್ಕನೆಯದರಲ್ಲಿ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡೂ ಟರ್ಬೊದ ಟರ್ಬೈನ್ ಹೌಸಿಂಗೂ ಒಂದೇ ಎರಕ. ನಾಲ್ಕೋ ಐದೋ ಅಂತ ಗೊಂದಲವಾದರೆ ಕಾರಿನ ಚಾಸಿ ಕೋಡ್ ಕೇಳಿ: ಎಸ್‌ಟಿ215 ನಾಲ್ಕನೆಯದು, 2002ರ ನಂತರದ ಎಸ್‌ಟಿ246 ಐದನೆಯದು.

ಡಿಸ್ಟ್ರಿಬ್ಯೂಟರ್ ಇದೆ ಅಂದುಕೊಳ್ಳಿ. ಈಗ ಒಂದು ಬಟ್ಟೆ, ಒಂದು ಟಾರ್ಚ್ ತಗೊಳ್ಳಿ. ಗಾಳಿ ಒಳಹೋಗುವ ಇನ್‌ಟೇಕ್ ಮ್ಯಾನಿಫೋಲ್ಡ್ ಹೆಡ್‌ಗೆ ಸೇರುವ ಜಾಗದ ಜಿಡ್ಡು ಒರೆಸಿ. ಎರಡರ ನಡುವೆ ದಪ್ಪನೆಯ ಅಲ್ಯೂಮಿನಿಯಂ ಪಟ್ಟಿಯೊಂದು ಸಿಕ್ಕಿಕೊಂಡಂತೆ ಕಾಣುತ್ತಾ? ಅದರ ತುದಿಯಲ್ಲಿ ವ್ಯಾಕ್ಯೂಮ್ ಪೈಪ್ ಸೇರುವ ಪುಟ್ಟ ಡಬ್ಬಿ ಇದೆಯಾ? ಅದೇ ಟಿ-ವಿಸ್. ಪ್ರತಿ ಸಿಲಿಂಡರಿಗೆ ಗಾಳಿ ಹೋಗಲು ಎರಡು ದಾರಿ. ಎಂಜಿನ್ ನಿಧಾನವಾಗಿ ತಿರುಗುವಾಗ ಟಿ-ವಿಸ್ ಒಂದನ್ನು ಮುಚ್ಚುತ್ತದೆ. ಉಳಿದ ದಾರಿಯಲ್ಲಿ ಗಾಳಿ ರಭಸವಾಗಿ ನುಗ್ಗುತ್ತದೆ, ಕಡಿಮೆ ವೇಗದಲ್ಲೂ ಎಳೆತ ಚೆನ್ನಾಗಿರುತ್ತದೆ. ಸುಮಾರು 4,000 ಆರ್‌ಪಿಎಂ ದಾಟಿದರೆ ಎರಡೂ ತೆರೆಯುತ್ತವೆ. ನನಗೆ ತುಂಬಾ ಇಷ್ಟವಾದ ಉಪಾಯ ಇದು. ಆದರೆ ಮೂರನೇ ಜೆನ್‌ನಲ್ಲಿ ಟೊಯೋಟಾ ಇದನ್ನು ತೆಗೆದುಹಾಕಿತು. ಹಾಗಾಗಿ ಪಟ್ಟಿ ಕಂಡರೆ, ಮಾರುವವರು ಏನೇ ಹೇಳಲಿ, ಅದು ಮೂರನೇ ಜೆನ್ ಇನ್‌ಟೇಕ್ ಅಲ್ಲ.

ಪಟ್ಟಿ ಇದ್ದು, ಅದು ಮೊದಲನೇ ಜೆನ್ನೋ ಎರಡನೆಯದೋ ಅಂತ ತಿಳಿಯಲು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಟರ್ಬೊಗೆ ಸೇರುವ ಬಾಯಿ ನೋಡಿ. ಒಂದೇ ತೂತು ಇದ್ದರೆ 1986ರ ಮೊದಲನೇ ಜೆನ್. ನಡುವೆ ಗೋಡೆಯಿದ್ದು ಎರಡು ತೂತು ಇದ್ದರೆ 1989ರಲ್ಲಿ ಬಂದ ಎರಡನೆಯದು.

ಇಷ್ಟೆಲ್ಲಾ ಯಾಕೆ ಅಂತೀರಾ? ಜಪಾನಿನಲ್ಲಿ ಮೊದಲನೆಯದರ ಶಕ್ತಿ 185 ಪಿಎಸ್ (ಅಶ್ವಶಕ್ತಿಯ ಅಳತೆ), ಎರಡನೆಯದು 225, ಮೂರನೆಯದು ಎಂಆರ್2ನಲ್ಲಿ 245, ಜಿಟಿ-ಫೋರ್‌ನಲ್ಲಿ 255. ಅದಕ್ಕಿಂತ ದೊಡ್ಡ ವಿಷಯ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್. ಮೊದಲೆರಡು ಜೆನ್‌ಗಳು ಒಳಬರುವ ಗಾಳಿಯನ್ನು ಫ್ಲ್ಯಾಪ್ ಇರುವ ಮೀಟರ್‌ನಿಂದ ಅಳೆಯುತ್ತವೆ. ಮೂರನೆಯದು ಮ್ಯಾನಿಫೋಲ್ಡ್ ಒತ್ತಡ ನೋಡಿ ಲೆಕ್ಕ ಹಾಕುತ್ತದೆ. ಒಂದರ ಇಸಿಯು, ವೈರಿಂಗ್ ಇನ್ನೊಂದಕ್ಕೆ ಹಾಗೇ ಸಿಕ್ಕಿಸಿದರೆ ನಡೆಯುವುದಿಲ್ಲ. ಎಂಜಿನ್ ಜೊತೆಗೇ ಅದರದೇ ಇಸಿಯು ಮತ್ತು ಕತ್ತರಿಸದ ವೈರಿಂಗ್ ಕೊಡುತ್ತಾರಾ ಅಂತ ಹಣ ಕೊಡುವ ಮೊದಲೇ ಕೇಳಿ.